ದಿನಕ್ಕೆ ಹದಿನೈದು ಮೀಟರ್

ಕಲಬುರಗಿ ಪಕ್ಕದ ನಮ್ಮ ತಾಜಸುಲ್ತಾನಪುರ ಹೊರಗಿನವರಿಗೆ ಗೊತ್ತಿರುವುದು ಮೀಸಲು ಪೊಲೀಸ್ ಪಡೆಯ ಬೆಟಾಲಿಯನ್‌ನಿಂದ. ಇಲ್ಲಿ ರೈಲು ನಿಲ್ದಾಣವೂ ಇದೆ ಎಂದರೆ ಕಾಲೇಜಿನಲ್ಲಿ ಅರ್ಧ ಜನ ನಂಬುವುದಿಲ್ಲ. ಬೀದರ್–ಕಲಬುರಗಿ ಮಾರ್ಗದ ಸಣ್ಣ ನಿಲ್ದಾಣವದು. ಮಾರ್ಗದ ಉದ್ದ 110 ಕಿ.ಮೀ. ಮಂಜೂರಾದದ್ದು 1997–98ರಲ್ಲಿ, ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಕುತೂಹಲಕ್ಕೆ ಭಾಗಿಸಿ ನೋಡಿದೆ. ದಿನಕ್ಕೆ ಸುಮಾರು 15 ಮೀಟರ್!

ಮಂಜೂರಾದ ವರ್ಷ ಕಮಲಾಪುರದಲ್ಲಿ ಒಂದನೇ ತರಗತಿಗೆ ಸೇರಿದ ಹುಡುಗನನ್ನು ಊಹಿಸಿಕೊಳ್ಳಿ. ಶಾಲೆ ಮುಗಿಸಿ, ಕಲಬುರಗಿಗೆ ಬಸ್ಸಿನಲ್ಲೇ ಓಡಾಡಿ ಬಿಇ ಮುಗಿಸಿ, ಎಲ್ಲೋ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೆ ಅವನ ಊರಿಗೆ ರೈಲು ಬಂತು. ಯಾರಿಗಾಗಿ ಯೋಜನೆ ಮಾಡಿದ್ದೋ ಅವರ ವಯಸ್ಸೇ ಕಳೆದುಹೋಗಿತ್ತು.

ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠದ ಉದಾಹರಣೆಗಳೆಲ್ಲ ‘ಎ’, ‘ಬಿ’, ‘ಸಿ’ ಎಂಬ ಹೆಸರಿಲ್ಲದ ಕೆಲಸಗಳು. ‘ಎ’ಗೆ ಐದು ದಿನ, ‘ಬಿ’ಗೆ ಎಂಟು ದಿನ. ಪರೀಕ್ಷೆಗೆ ಸಾಕು, ತಲೆಗೆ ಹತ್ತುವುದಿಲ್ಲ. ನನಗೆ ಅದು ಹತ್ತಿದ್ದು ಈ ರೈಲು ಮಾರ್ಗವನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ.

ಮೊದಲು ಹಣದ ಮಾತು. ಆರಂಭದ ಅಂದಾಜು ಸುಮಾರು 370 ಕೋಟಿ ರೂಪಾಯಿ. ಮುಗಿಯುವ ಹೊತ್ತಿಗೆ 1,542 ಕೋಟಿ. ನಾಲ್ಕು ಪಟ್ಟು ಎಂದ ಕೂಡಲೇ ‘ಯಾರೋ ತಿಂದಿರಬೇಕು’ ಎನ್ನುವುದು ನಮ್ಮ ಅಭ್ಯಾಸ. ಆದರೆ ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 7ರಂತೆ ಏರುತ್ತವೆ ಎಂದಿಟ್ಟುಕೊಂಡರೆ 370 ಕೋಟಿಯ ಕೆಲಸ ಇಪ್ಪತ್ತು ವರ್ಷಕ್ಕೆ 1,430 ಕೋಟಿ ದಾಟುತ್ತದೆ. ಇದು ಬರೀ ನನ್ನ ನೋಟ್‌ಬುಕ್ಕಿನ ಲೆಕ್ಕ, ಅಧಿಕೃತವಲ್ಲ. ಆದರೂ ಯಾರೂ ಒಂದು ಪೈಸೆ ಮುಟ್ಟದಿದ್ದರೂ ತಡವಾಗುವುದೇ ಎಷ್ಟು ದುಬಾರಿ ಎಂದು ತಿಳಿಯಲು ಅಷ್ಟು ಸಾಕು. ಒಂದೇ ಸಲಕ್ಕೆ ಸಿಗಬೇಕಾದ ಹಣ ಬಜೆಟ್ಟಿನಿಂದ ಬಜೆಟ್ಟಿಗೆ ಹನಿ ಹನಿಯಾಗಿ ಬಂದರೆ ಹೀಗಾಗುತ್ತದೆ. ಕೊನೆಗೆ ರಾಜ್ಯ ಸರ್ಕಾರವೂ ಅರ್ಧ ವೆಚ್ಚ ಹೊತ್ತುಕೊಂಡಿತು.

ಎರಡನೆಯದು ಮರಗುತ್ತಿ ಗುಡ್ಡ. ಕಮಲಾಪುರದ ಹತ್ತಿರ ಈ ಗುಡ್ಡ ಕೊರೆದು ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ ಮಾಡಿದ್ದಾರೆ. ಇಡೀ ಮಾರ್ಗದಲ್ಲಿ ಅದರ ಪಾಲು ನೂರಕ್ಕೆ ಎರಡೂ ಇಲ್ಲ. ಆದರೆ ಉಳಿದ ತೊಂಬತ್ತೆಂಟು ಪಾಲು ಹಳಿ ಫಳಫಳ ಹೊಳೆಯುತ್ತಿದ್ದರೂ ಆ ಎರಡು ಪಾಲು ಮುಗಿಯುವವರೆಗೆ ಬೀದರ್‌ನ ರೈಲು ಕಲಬುರಗಿಗೆ ಬರುವುದಿಲ್ಲ. ಜನ ಹೆಚ್ಚು ಹಾಕಿದರೂ ಪ್ರಯೋಜನ ಕಡಿಮೆ, ಸುರಂಗದ ಬಾಯಲ್ಲಿ ಒಮ್ಮೆಗೆ ನಿಲ್ಲಬಹುದಾದವರು ಕೆಲವೇ ಮಂದಿ. ನಮ್ಮ ಪುಸ್ತಕ ‘ಕ್ರಿಟಿಕಲ್ ಪಾತ್’ ಎನ್ನುವುದು ಇಂಥ ಕೆಲಸಗಳ ಸಾಲಿಗೇ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯವರು ಕಾರ್ಖಾನೆ ಕಟ್ಟುವ, ರಿಪೇರಿ ಮಾಡುವ ಕೆಲಸಕ್ಕಾಗಿ ರೂಪಿಸಿದ ವಿಧಾನವಿದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೋ ಅದನ್ನು ಮೊದಲೇ ಹುಡುಕಿ, ಕಣ್ಣು ಅದರ ಮೇಲಿಡುವುದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಸೀನಿಯರ್ ಅಕ್ಕನಿಗೆ ಇದನ್ನು ಹೇಳಿದೆ. ಅವರು ನಕ್ಕರು. ಅವರ ಟೀಮಿನ ಮೀಟಿಂಗ್‌ನಲ್ಲಿ ಒಂದು ತಿಂಗಳಿಂದ ‘ಶೇ 90 ಮುಗಿದಿದೆ’ ಎಂದೇ ವರದಿ ಹೋಗುತ್ತಿದೆಯಂತೆ. ಉಳಿದ ಹತ್ತರಲ್ಲಿ ಗ್ರಾಹಕ ಕಂಪನಿಯ ಒಂದು ಒಪ್ಪಿಗೆ ಬಾಕಿ. ಅದನ್ನು ಮೊದಲ ವಾರವೇ ಕೇಳಬೇಕಿತ್ತು. ಅದರ ಬದಲು ಎಲ್ಲರೂ ತಮಗೆ ಸುಲಭವಾದದ್ದನ್ನು ಮೊದಲು ಮುಗಿಸಿ, ಪಟ್ಟಿಯಲ್ಲಿ ಹಸಿರು ಬಣ್ಣ ಹಚ್ಚಿಕೊಂಡು ಕೂತಿದ್ದರು.

ಹೋಲಿಕೆಗೆ ಕೊಂಕಣ ರೈಲ್ವೆ ನೋಡಿ. 1990ರಲ್ಲಿ ಪ್ರತ್ಯೇಕ ನಿಗಮವಾಯಿತು, ಇ. ಶ್ರೀಧರನ್ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ., ತೊಂಬತ್ತಕ್ಕೂ ಹೆಚ್ಚು ಸುರಂಗ. 1998ರ ಜನವರಿ 26ರಂದು ಲೋಕಾರ್ಪಣೆ. ಅಲ್ಲಿ ಬಜೆಟ್ಟಿಗೆ ಕಾಯುತ್ತ ಕೂರಲಿಲ್ಲ, ಬಾಂಡ್ ಮೂಲಕ ಸಾಲ ಎತ್ತಿದರು. ಉಳಿದಿರುವ ದಿನಗಳನ್ನು ತೋರಿಸುವ ಹಿಮ್ಮುಖ ಗಡಿಯಾರ ಇಟ್ಟರು. ಆದರೆ ಅದನ್ನು ಬರೀ ಗೆಲುವಿನ ಕಥೆಯಾಗಿ ಹೇಳುವುದು ನನಗೆ ಇಷ್ಟವಿಲ್ಲ. ಸಾಲದ ಹೊರೆ ನಿಗಮವನ್ನು ಬಹಳ ಕಾಲ ಕಾಡಿತು, ಕಾಮಗಾರಿಯಲ್ಲಿ ಕಾರ್ಮಿಕರು ಜೀವ ತೆತ್ತರು. ಬೇಗ ಮುಗಿಸುವುದಕ್ಕೂ ಬೆಲೆಯಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ‘ಈ ಕೆಲಸ ಯಾರದು?’ ಎಂದರೆ ಒಬ್ಬರ ಹೆಸರಿತ್ತು.

ಕಾಗದದ ಪ್ಲ್ಯಾನ್ ಸಾಲದು ಎಂದು ನನಗೆ ಹೇಳಿದವರು ಇಂಟರ್ನ್‌ಶಿಪ್ ಸೈಟಿನ ಹಿರಿಯ ಗೌಂಡಿ. ಪಾಯ ಅಗೆಯುವುದನ್ನು ಜೂನ್ ಕೊನೆಗೆ ತೋರಿಸಿದ್ದ ಚಾರ್ಟ್ ನೋಡಿ, ‘ತಮ್ಮಾ, ಹಾಳಿ ಮ್ಯಾಲ ಮಳಿ ಬರಂಗಿಲ್ಲ. ಈ ಎರಿ ಮಣ್ಣಾಗ ಒಮ್ಮಿ ನೀರು ಹೊಕ್ಕಿತಂದ್ರ ವಾರಗಟ್ಲೆ ಕಾಲ ಇಡ್ಲಾಕ ಬರಂಗಿಲ್ಲ’ ಅಂದರು. ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ ಎಂದು ನಾವು ಎರಡನೇ ವರ್ಷದಲ್ಲೇ ಓದಿದ್ದೆವು. ಅದನ್ನು ಕ್ಯಾಲೆಂಡರಿನ ಜೊತೆ ಕೂಡಿಸಿ ಓದಿದವರು ಅವರೇ. ಚಾರ್ಟ್ ಬರೆಯುವ ಮೇಜಿನ ಸುತ್ತ ಅವರಿಗೊಂದು ಕುರ್ಚಿ ಇರಬೇಕು ಎನ್ನುವುದು ನನ್ನ ವಾದ.

ಮುಂದಿನ ವರ್ಷ ನಮ್ಮ ನಾಲ್ವರ ತಂಡದ ಫೈನಲ್ ಪ್ರಾಜೆಕ್ಟ್ ಕಾಂಕ್ರೀಟ್ ಮೇಲೆ. ನಮ್ಮ ಮರಗುತ್ತಿ ಗುಡ್ಡ ಯಾವುದು ಎಂದು ಹುಡುಕಿದೆವು. ಕಾಂಕ್ರೀಟ್ ಕ್ಯೂಬ್ ಎರಕ ಹೊಯ್ದು ನೀರಿನಲ್ಲಿಟ್ಟರೆ ಪೂರ್ಣ ಬಲ ಪರೀಕ್ಷಿಸಲು 28 ದಿನ ಕಾಯಲೇಬೇಕು. ನಾಲ್ವರ ಬದಲು ನಲವತ್ತು ಜನರಿದ್ದರೂ ಅದು 27 ಆಗುವುದಿಲ್ಲ. ಮಿಶ್ರಣ ಸರಿಬರದಿದ್ದರೆ ಇನ್ನೊಂದು 28. ಆದ್ದರಿಂದ ಸೆಮಿಸ್ಟರ್ ಶುರುವಾದ ಮೊದಲ ವಾರವೇ ಎರಕ, ಕಾಯುವ ದಿನಗಳಲ್ಲಿ ಓದು ಮತ್ತು ಬರಹ ಎಂದು ಬರೆದುಕೊಂಡಿದ್ದೇವೆ. ಪ್ರತಿ ಸಾಲಿನ ಮುಂದೆ ಒಬ್ಬರದೇ ಹೆಸರು. ಸಿಮೆಂಟ್, ಮರಳು ತರುವ ಸಾಲಿನ ಮುಂದೆ ನನ್ನದಿದೆ.