ಯಾವ ನೀರಿಗೆ ಯಾವ ಫಿಲ್ಟರ್?

ಗದಗ ಸೀಮೆಯಲ್ಲಿ ಮನೆಗೆ ಕೊಳ್ಳಬೇಕಾದ ಸಾಧನಗಳಲ್ಲಿ ನೀರಿನ ಫಿಲ್ಟರಿಗೇ ಮೊದಲ ಸ್ಥಾನ ಸಲ್ಲಬೇಕು. ಮುಂಡರಗಿ, ಶಿರಹಟ್ಟಿ ಕಡೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಏರಿದರೆ ದೊಡ್ಡವರ ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಯುವಿ ಫಿಲ್ಟರಿನ ನೇರಳಾತೀತ ದೀಪ ರೋಗಾಣುಗಳನ್ನಷ್ಟೇ ಕೊಲ್ಲುತ್ತದೆ. ಇಂಥ ಊರಿಗೆ ಆರ್‌ಒ ಬೇಕು: ಅದರ ಪಂಪು ನೀರನ್ನು ಅತಿಸೂಕ್ಷ್ಮ ಪೊರೆಯ ಮೂಲಕ ಒತ್ತುವಾಗ ಫ್ಲೋರೈಡಿನ ಬಹುಪಾಲು ಆಚೆಯೇ ಉಳಿಯುತ್ತದೆ. ಆ ಫ್ಲೋರೈಡಿನೊಂದಿಗೆ ಹೊರಬೀಳುವ ತ್ಯಾಜ್ಯ ನೀರನ್ನು ಕೊಡದಲ್ಲಿ ಹಿಡಿದು ನೆಲ ಒರೆಸಲು ಬಳಸಬೇಕು. ಬರದ ನಾಡಿನಲ್ಲಿ ಅದನ್ನು ಗಟಾರಕ್ಕೆ ಬಿಡುವುದು ಸಲ್ಲದು. ಗದಗ-ಬೆಟಗೇರಿಯಲ್ಲಿ ತುಂಗಭದ್ರೆಯ ನಳದ ನೀರನ್ನಷ್ಟೇ ಕುಡಿಯುವವರಿಗೆ ಸಾಮಾನ್ಯವಾಗಿ ಯುವಿ ಸಾಕು. ಕೊಳ್ಳುವ ಮುನ್ನ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಬೇಕು. ಅಂಗಡಿಯವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಒಟ್ಟು ಲವಣವನ್ನು ಹೇಳುತ್ತದೆ, ಫ್ಲೋರೈಡನ್ನಲ್ಲ.