ಗಾಯಗೊಂಡ ಹಕ್ಕಿ, ನೊಂದ ಮಗು

ಪ್ರಾಣಿ-ಪಕ್ಷಿಗಳೆಂದರೆ ಮಕ್ಕಳಿಗೆ ಎಲ್ಲಿಲ್ಲದ ಪ್ರೀತಿ. ಆ ಪ್ರೀತಿ ನೊಂದ ಮನಸ್ಸಿಗೆ ಮದ್ದೂ ಆಗಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಶಾಲೆ ಉತ್ತಮ ಉದಾಹರಣೆ.

ನ್ಯೂಯಾರ್ಕ್ ರಾಜ್ಯದ ಬ್ರೂಸ್ಟರ್ ಎಂಬ ಊರಿನಲ್ಲಿ ‘ಗ್ರೀನ್ ಚಿಮ್ನೀಸ್’ ಎಂಬ ಸಂಸ್ಥೆಯಿದೆ. ಸ್ಯಾಮ್ಯುಯೆಲ್ ರಾಸ್ ಎಂಬ ಯುವಕರು 1947ರಲ್ಲಿ ಒಂದು ಫಾರ್ಮಿನಲ್ಲಿ ಇದನ್ನು ಪುಟ್ಟ ಮಕ್ಕಳ ವಸತಿಶಾಲೆಯಾಗಿ ಆರಂಭಿಸಿದರು. 1970ರ ದಶಕದಲ್ಲಿ ಇದು ಮಾನಸಿಕ ತೊಂದರೆಯಲ್ಲಿರುವ ಮಕ್ಕಳ ಚಿಕಿತ್ಸೆಯ ಕಡೆಗೆ ತಿರುಗಿತು. ಇಲ್ಲಿ ಕುದುರೆ, ಕುರಿಗಳಷ್ಟೇ ಅಲ್ಲ, ಗಾಯಗೊಂಡ ಗಿಡುಗ, ಗೂಬೆಗಳಿಗೂ ಆರೈಕೆ ನಡೆಯುತ್ತದೆ. ಮಕ್ಕಳೂ ಅದರಲ್ಲಿ ಕೈಜೋಡಿಸುತ್ತಾರೆ.

ಇದರಿಂದ ಮಗುವಿಗೆ ಏನು ಲಾಭ? ಮೊದಲನೆಯದಾಗಿ, ಸದಾ ಇತರರ ಸಹಾಯ ಪಡೆಯುತ್ತಿದ್ದ ಮಗು ಇಲ್ಲಿ ತಾನೇ ಸಹಾಯ ಮಾಡುತ್ತದೆ. ಎರಡನೆಯದಾಗಿ, ಕೂಗಾಡಿದರೆ ಹಕ್ಕಿ ಬೆದರುತ್ತದೆ. ಆದ್ದರಿಂದ ಮಗು ತಾನಾಗಿಯೇ ದನಿ ತಗ್ಗಿಸಲು ಕಲಿಯುತ್ತದೆ. ಮೂರನೆಯದಾಗಿ, ತನ್ನ ನೋವನ್ನು ಹೇಳಿಕೊಳ್ಳಲಾಗದ ಮಗು “ಈ ಗೂಬೆಗೆ ಭಯವಾಗಿದೆ” ಎಂದು ಹೇಳಬಲ್ಲದು. ಅಲ್ಲಿಂದ ಮಾತು ಆರಂಭವಾಗುತ್ತದೆ.

ಆದರೆ ಕಾಡಿನ ಜೀವಿ ಸಾಕುಪ್ರಾಣಿಯಲ್ಲ. ಅದನ್ನು ಮುದ್ದಾಡುವಂತಿಲ್ಲ. ಮನುಷ್ಯರಿಗೆ ಒಗ್ಗಿಹೋದ ಹಕ್ಕಿಗೆ ಕಾಡಿನಲ್ಲಿ ಬದುಕುವುದು ಕಷ್ಟ. ಆದ್ದರಿಂದ ನುರಿತವರ ಮಾರ್ಗದರ್ಶನದಲ್ಲೇ ಆರೈಕೆ ನಡೆಯಬೇಕು. ಗುಣವಾದ ಹಕ್ಕಿಯನ್ನು ಆಕಾಶಕ್ಕೆ ಹಾರಿಬಿಡುವುದೇ ಕೊನೆಯ ಪಾಠ. ಪ್ರೀತಿಸಿದ್ದನ್ನು ಬಿಟ್ಟುಕೊಡುವುದು ಸುಲಭವಲ್ಲ. ಆದರೆ ಅಗಲಿಕೆಯೆಲ್ಲವೂ ಕೈಬಿಟ್ಟಂತಲ್ಲ ಎಂದು ಮಗು ಅಲ್ಲಿ ಅರಿಯುತ್ತದೆ. ಇದು ವೈದ್ಯರ, ಆಪ್ತಸಮಾಲೋಚಕರ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ.

ಪೋಷಕರೇ, ಅಜ್ಜ-ಅಜ್ಜಿಯರನ್ನೂ ಗೆಳೆಯರನ್ನೂ ಊರಿನಲ್ಲಿ ಬಿಟ್ಟು ಬಂದು, ತರಗತಿಯಲ್ಲಿ ಮೌನವಾಗಿ ಕೂರುವ ಮಕ್ಕಳನ್ನು ಶಿಕ್ಷಕರಾದ ನಾವು ಕಾಣುತ್ತಿರುತ್ತೇವೆ. “ಯಾಕೆ ಸಪ್ಪಗಿದ್ದೀಯಾ?” ಎಂದು ಪದೇ ಪದೇ ಕೇಳುವುದಕ್ಕಿಂತ, ಬಾಲ್ಕನಿಯಲ್ಲಿ ಹಕ್ಕಿಗಳಿಗೆ ನೀರಿಡುವ ಕೆಲಸವನ್ನು ಅವರಿಗೆ ಕೊಟ್ಟು ನೋಡೋಣ. ಹಾಗೆಂದು ಗಿಳಿಯನ್ನು ಪಂಜರದಲ್ಲಿಡುವುದು ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಸಾಕುವುದು ಅಪರಾಧ.

ಮಕ್ಕಳೇ, ಗಾಯಗೊಂಡ ಹಕ್ಕಿ ಕಂಡರೆ ಬರಿಗೈಯಿಂದ ಮುಟ್ಟಬೇಡಿ, ಬಾಯಿಗೆ ನೀರು ಹಾಕಬೇಡಿ. ಹಿರಿಯರನ್ನು ಕರೆಯಿರಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಸದ್ದಿಲ್ಲದ ಕಡೆ ಇರಿಸಿ ಪಶುವೈದ್ಯರಿಗೆ ತಿಳಿಸಲು ಹೇಳಿ. ಪಕ್ಕದ ಬೆಂಚಿನ ಗೆಳೆಯ ಮಂಕಾಗಿದ್ದರೆ ಅವನನ್ನೂ ರೇಗಿಸಬೇಡಿ, ಸುಮ್ಮನೆ ಜೊತೆಗೆ ಕುಳಿತುಕೊಳ್ಳಿ. ಹಕ್ಕಿಗಾಗಲಿ ಗೆಳೆಯನಿಗಾಗಲಿ, ಭಯ ಹೋಗಲು ಸ್ವಲ್ಪ ಸಮಯ ಬೇಕು.