ಸೋರುವ ಗಾಳಿಗೂ ಬಿಲ್ಲು ಬರುತ್ತದೆ

2025ರ ಜುಲೈನಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗಾಗಿ 1,000 ಕೋಟಿ ರೂಪಾಯಿಯ ಯೋಜನೆಯೊಂದನ್ನು ತಂದಿತು. ಇಂಧನ ಉಳಿಸುವ ಯಂತ್ರ ಕೊಳ್ಳಲು ಸಾಲ ಮಾಡುವ ಸಣ್ಣ ಘಟಕಗಳಿಗೆ ಶೇ. 5, ಮಧ್ಯಮ ಘಟಕಗಳಿಗೆ ಶೇ. 3 ಬಡ್ಡಿ ಸಹಾಯಧನ. ಸುದ್ದಿ ಓದಿದ ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪ್ ಮಾಲೀಕರೊಬ್ಬರ ಪ್ರಶ್ನೆ: "ಹೆಸ್ಕಾಂ ಬಿಲ್ಲು ಇಳೀಬೇಕಂದ್ರ ಮೊದಲ ಯಾವ ಮಶೀನ್ ತಗೋಬೇಕ್ರಿ?"

ಮೊದಲು ಏನನ್ನೂ ಕೊಳ್ಳಬೇಡಿ. ಒಂದು ಬಕೆಟ್ ಸಾಬೂನಿನ ನೀರು ಕಲಸಿಕೊಂಡು ಕಂಪ್ರೆಸರ್ ಹತ್ತಿರ ಹೋಗಿ.

ಈ ಉತ್ತರದ ಹಿಂದೆ ಒಬ್ಬ ಉದ್ದಿಮೆದಾರನೇ ಇದ್ದಾನೆ. ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ 1818ರಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೌಲ್ ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಅಲ್ಲ. ಅವನ ಮನೆತನದ್ದು ಬಿಯರ್ ತಯಾರಿಕೆ. ಉಗಿಯಂತ್ರದ ಬದಲು ಆಗಷ್ಟೇ ಬಂದಿದ್ದ ವಿದ್ಯುತ್ ಮೋಟಾರು ಅಗ್ಗವಾದೀತೇ ಎಂದು ಲೆಕ್ಕ ಹಾಕಲು ಹೊರಟ. ಬ್ಯಾಟರಿಯಲ್ಲಿ ಕರಗುವ ಸತುವಿಗಿಂತ ಕಲ್ಲಿದ್ದಲೇ ಅಗ್ಗವೆಂದು ತಿಳಿಯಿತು. ಆದರೆ ಲೆಕ್ಕ ಅವನನ್ನು ಬಿಡಲಿಲ್ಲ. 1845ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಮ್ರದ ಪಾತ್ರೆಯೊಂದನ್ನು ನೀರಿನಲ್ಲಿ ಮುಳುಗಿಸಿ, ಅದರೊಳಗೆ ಪಂಪಿನಿಂದ ವಾತಾವರಣದ ಸುಮಾರು 22 ಪಟ್ಟು ಒತ್ತಡದವರೆಗೆ ಗಾಳಿ ತುಂಬಿದ. ನೀರು ಬಿಸಿಯಾಯಿತು. ಎಷ್ಟು ದುಡಿಮೆಗೆ ಎಷ್ಟು ಶಾಖ ಎಂದು ಸೂಕ್ಷ್ಮ ಉಷ್ಣಮಾಪಕದಿಂದ ಅಳೆದ. ದುಡಿಮೆ ಕಳೆದುಹೋಗುವುದಿಲ್ಲ, ಶಾಖವಾಗಿ ಬದಲಾಗುತ್ತದೆ ಎಂಬ ಮಹಾನಿಯಮಕ್ಕೆ ಇಂಥ ಪ್ರಯೋಗಗಳೇ ಬುನಾದಿ. ಖರ್ಚು ಉಳಿಸಲು ಹೊರಟ ಕಾರ್ಖಾನೆಯವನಿಂದ ಭೌತವಿಜ್ಞಾನ ಪಡೆದದ್ದು ಇದು!

ನಿಮ್ಮ ಕಂಪ್ರೆಸರಿನ ಹೆಡ್ ಕೈ ಸುಡುವಷ್ಟು ಕಾಯುವುದೂ ಇದೇ ಕಾರಣಕ್ಕೆ. ಒಳಗೆ ಹೋದ ಕರೆಂಟಿನ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಗಾಳಿಯಿಂದ ನಡೆಯುವ ಗನ್ನು, ಗ್ರೈಂಡರುಗಳಿಗೆ ಉಪಯುಕ್ತ ಕೆಲಸವಾಗಿ ತಲುಪುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಅಂದರೆ ವರ್ಕ್‌ಶಾಪಿನ ಅತಿ ದುಬಾರಿ ಸರಕು ಈ ಗಾಳಿ. ನೀರು ಕೆಲವು ದಿನಕ್ಕೊಮ್ಮೆ ಬರುವ ನಮ್ಮ ಅವಳಿನಗರದಲ್ಲಿ ನಲ್ಲಿ ತೊಟ್ಟಿಕ್ಕಿದರೆ ಓಡಿ ಹೋಗಿ ತಿರುವುತ್ತೇವೆ. ಹೋಸ್ ಪೈಪಿನ ಬುಡದಲ್ಲಿ ಗಾಳಿ ಬುಸುಗುಟ್ಟಿದರೆ ಯಾರೂ ತಿರುಗಿ ನೋಡುವುದಿಲ್ಲ.

ಲೆಕ್ಕ ನೋಡಿ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದೇ ತೂತಿನಿಂದ ಸೋರುವ ಗಾಳಿಯನ್ನು ತುಂಬಿಸುತ್ತಿರಲು ಸುಮಾರು 3 ಕಿಲೋವ್ಯಾಟ್ ಬೇಕು. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನವೆಂದರೆ 9,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 63,000 ರೂಪಾಯಿ. ನಮ್ಮ ದೇಶದ ಗ್ರಿಡ್ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಉಗುಳುವುದರಿಂದ, ಆ ತೂತಿನ ಪಾಲು ವರ್ಷಕ್ಕೆ ಆರು ಟನ್ನಿಗೂ ಮೇಲು.

ಪರೀಕ್ಷೆ ಸುಲಭ. ಶಿಫ್ಟ್ ಮುಗಿದು ಎಲ್ಲ ಉಪಕರಣ ನಿಂತ ಮೇಲೆ ಕಂಪ್ರೆಸರನ್ನು ಮಾತ್ರ ಬಿಟ್ಟು ಗಡಿಯಾರ ನೋಡಿ. ಅದು ಎರಡು ನಿಮಿಷ ಗಾಳಿ ತುಂಬಿ, ಆರು ನಿಮಿಷ ಸುಮ್ಮನಿದ್ದು, ಮತ್ತೆ ತುಂಬತೊಡಗಿದರೆ ಅದರ ಸಾಮರ್ಥ್ಯದ ಕಾಲುಭಾಗ ಸೋರಿಕೆಗೇ ಹೋಗುತ್ತಿದೆ. ನಂತರ ಕಪ್ಲಿಂಗ್, ಕ್ಲಾಂಪ್, ಡ್ರೇನ್ ವಾಲ್ವುಗಳಿಗೆ ಸಾಬೂನಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ವಾಷರ್ ಬದಲಿಸಿ. 6 ಬಾರ್ ಸಾಕಾಗುವ ಕೆಲಸಕ್ಕೆ 7 ಬಾರ್ ಇಟ್ಟಿದ್ದರೆ ಇಳಿಸಿ, ಶೇ. 6-7ರಷ್ಟು ಕರೆಂಟು ಉಳಿಯುತ್ತದೆ. ಕಂಪ್ರೆಸರ್ ಒಳಗೆಳೆಯುವ ಗಾಳಿ ಶೆಡ್ಡಿನ ಬಿಸಿಗಾಳಿಯಾಗಿರದೆ ಹೊರಗಿನ ನೆರಳಿನ ಗಾಳಿಯಾಗಿರಲಿ; ಪ್ರತಿ 4 ಡಿಗ್ರಿಗೆ ಸುಮಾರು ಶೇ. 1 ಉಳಿತಾಯ.

ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆಂದು ಮಾರುವ ‘ಪವರ್ ಸೇವರ್’ ಡಬ್ಬಿಗೆ ಮಾತ್ರ ದುಡ್ಡು ಸುರಿಯಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಪುಟ್ಟ ಕೆಪಾಸಿಟರ್. ಪವರ್ ಫ್ಯಾಕ್ಟರ್ ದಂಡ ತಪ್ಪಿಸಲು ಮೋಟಾರುಗಳ ಲೋಡಿಗೆ ತಕ್ಕ ಕೆಪಾಸಿಟರ್ ಬ್ಯಾಂಕು ಬೇಕು. ಆ ಡಬ್ಬಿ ಅದರ ಕೆಲಸ ಮಾಡಲಾರದು.

ಹೊಸ ಮೋಟಾರು, ಚಾವಣಿಯ ಸೌರಫಲಕ ಎಲ್ಲವೂ ಒಳ್ಳೆಯವೇ, ಬಡ್ಡಿ ಸಹಾಯಧನವೂ ಬಳಸಬೇಕಾದದ್ದೇ. ಆದರೆ ಸೋರಿಕೆ ನಿಲ್ಲಿಸಿದ ಮೇಲೆ ಅಳೆದು ಕೊಂಡರೆ ಚಿಕ್ಕ ಯಂತ್ರ ಸಾಕು, ಸಾಲವೂ ಚಿಕ್ಕದಾಗುತ್ತದೆ. ಈ ವಾರವೇ ಒಂದು ಸಂಜೆ ಕೆಲಸಗಾರರನ್ನು ಕೂಡಿಸಿಕೊಂಡು ಪರೀಕ್ಷೆ ಮಾಡಿ. ಮುಂದಿನ ತಿಂಗಳ ಬಿಲ್ಲನ್ನು ಹಿಂದಿನದರ ಪಕ್ಕ ಇಟ್ಟು ನೋಡಿ.